ಹಳ್ಳೂರಿನ ಮೀನುಗಾಳದ ತಾಮ್ರ ಯಾವ ಗುಡ್ಡದ್ದು?

ಹುಬ್ಬಳ್ಳಿಯ ಕಂಚಗಾರ ಗಲ್ಲಿಗೆ ಹಳೆಯ ಪಾತ್ರೆ ಒಯ್ದರೆ ಅಂಗಡಿಯವರು ಮೊದಲಿಗೇ ತಕ್ಕಡಿ ಹತ್ತಿರ ಹೋಗುವುದಿಲ್ಲ. ಪಾತ್ರೆಯನ್ನು ಬೋರಲು ಹಾಕಿ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಕಳೆದ ವರ್ಷ ನಾನು ಅಜ್ಜಿಯ ಕಾಲದ ನೀರಿನ ಹಂಡೆ ತೆಗೆದುಕೊಂಡು ಹೋಗಿದ್ದೆ. ಅಂಗಡಿಯ ಹಿರಿಯರು ತಟ್ಟಿದರು, ತಳದ ಮಸಿಯನ್ನು ಉಗುರಿನಿಂದ ಕೆರೆದರು, ಒಳಗಿನ ಕೆಂಪು ನೋಡಿದರು. ಹಂಡೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಾಗ ಸುತ್ತಿಗೆಯ ಏಟುಗಳು ಸುತ್ತಲೂ ಸಾಲಾಗಿ ಕಂಡವು, ಮೀನಿನ ಮೈಮೇಲಿನ ಹುರುಪೆಯ ಹಾಗೆ.

"ಹಳೀ ತಾಮ್ರ ರೀ ಇದು. ಈಗಿನ ಶೀಟಿನ ಮಾಲ್ ಅಲ್ಲ. ಕೈಲೇ ಬಡದು ಮಾಡ್ಯಾರ" ಅಂದರು.

"ಈ ತಾಮ್ರ ಎಲ್ಲಿಂದ ಬಂದಿರಬಹುದ್ರೀ ಕಾಕಾ?" ಅಂತ ಕೇಳಿದೆ.

"ಅದನ್ನ ತಾಮ್ರಾನ ಕೇಳಬೇಕ ನೋಡ್ರಿ" ಅಂದು ಹಂಡೆಯನ್ನು ತಕ್ಕಡಿಗೆ ಇಟ್ಟರು.

ತಾಮ್ರವನ್ನೇ ಕೇಳುವ ದಾರಿ ಇದೆ. ಒಂದು ಹಳೆಯ ತಾಮ್ರದ ವಸ್ತುವಿನಿಂದ ಸಾಸಿವೆ ಕಾಳಿನಷ್ಟು ಲೋಹ ತೆಗೆದು, ಅದರೊಳಗಿನ ಬೇರೆ ಧಾತುಗಳನ್ನು ಅಳೆದು, ಅದಿರು ಯಾವ ನೆಲದ್ದು ಎಂದು ಹುಡುಕುವ ವಿದ್ಯೆ ಸುಮಾರು ಅರವತ್ತು ವರ್ಷದಿಂದ ಬೆಳೆದುಬಂದಿದೆ. ಗದಗ, ಹಾವೇರಿ, ಧಾರವಾಡದ ನಮಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ನಮ್ಮ ನೆಲದ ಕಲ್ಲಿಗೂ ಈ ವಿದ್ಯೆಗೂ ತುಂಬ ಹತ್ತಿರದ ನಂಟಿದೆ. ಗದಗ ಹತ್ತಿರದ ಲಕ್ಕುಂಡಿಯ ಉತ್ಖನನದ ಸುದ್ದಿ ಬಂದಾಗೆಲ್ಲ ನಾವು ಏನು ಸಿಕ್ಕಿತು, ಎಷ್ಟು ಹಳೆಯದು ಅಂತ ಕೇಳುತ್ತೇವೆ. ಆ ಲೋಹ ಎಲ್ಲಿಯದು ಅಂತ ಕೇಳುವುದು ಅಪರೂಪ. ಆ ಪ್ರಶ್ನೆಯನ್ನು ಈಗಲೇ ಕೇಳಬೇಕು, ತಡವಾದರೆ ಉತ್ತರ ಕೊಡುವ ಸಾಕ್ಷಿಗಳೇ ಉಳಿಯುವುದಿಲ್ಲ ಅನ್ನೋದು ನನ್ನ ವಾದ.

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹಳ್ಳೂರು ಎಂಬ ಊರಿದೆ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಹಳ್ಳೂರು ಹೆಸರಾದದ್ದು ಕಬ್ಬಿಣದಿಂದ. ಕ್ರಿ.ಪೂ. 1000ದ ಸುಮಾರಿಗೇ ಅಲ್ಲಿ ಕಬ್ಬಿಣ ಇತ್ತು ಎಂದು ಕಾರ್ಬನ್ ಪರೀಕ್ಷೆ ತೋರಿಸಿದಾಗ ದಕ್ಷಿಣ ಭಾರತದ ಕಬ್ಬಿಣದ ಇತಿಹಾಸವೇ ಹಿಂದಕ್ಕೆ ಸರಿಯಿತು. ಆದರೆ ನನ್ನ ಮನಸ್ಸು ನಿಲ್ಲುವುದು ಕಬ್ಬಿಣಕ್ಕಿಂತ ಹಿಂದಿನ ಕಾಲದಲ್ಲಿ. ದನ ಸಾಕುತ್ತಾ, ಕಲ್ಲಿನ ಕೊಡಲಿ ಉಜ್ಜುತ್ತಾ ಬದುಕಿದ್ದ ಆ ಜನರ ಬಳಿ ಸ್ವಲ್ಪ ತಾಮ್ರವೂ ಇತ್ತು. ಸಣ್ಣ ಕೊಡಲಿ ಇತ್ತು. ಒಂದು ಮೀನಿನ ಗಾಳ ಇತ್ತು.

ಆ ಗಾಳದ ಬಗ್ಗೆ ಸ್ವಲ್ಪ ಯೋಚಿಸಿ ನೋಡಿ. ಹೊಳೆ ದಂಡೆಯಲ್ಲಿ ಬೆಣಚುಕಲ್ಲು ಸಿಗುತ್ತದೆ, ಮಣ್ಣು ಸಿಗುತ್ತದೆ, ಎಲುಬು ಸಿಗುತ್ತದೆ. ತಾಮ್ರ ಸಿಗುವುದಿಲ್ಲ. ಯಾರೋ ಒಬ್ಬರು ಎಲ್ಲೋ ಗುಡ್ಡದಲ್ಲಿ ಹಸಿರು ಕಲೆಯ ಕಲ್ಲು ಗುರುತಿಸಿರಬೇಕು. ಅಗೆದು, ಕುಟ್ಟಿ, ಇದ್ದಿಲ ಜೊತೆ ಕುಲುಮೆಗೆ ಹಾಕಿ, ತಿದಿ ಊದಿರಬೇಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್ಸಿಗೆ. ಒಲೆಯ ಬೆಂಕಿಗೆ ಅದು ಜಗ್ಗುವುದಿಲ್ಲ. ಈ ಕೆಲಸ ಹಳ್ಳೂರಿನವರೇ ಕಲಿತಿದ್ದರೋ, ಹತ್ತಿರದ ಬೇರೆ ಊರಿನವರು ಮಾಡಿ ಕೊಟ್ಟರೋ, ರಾಜಸ್ಥಾನದಿಂದ ಕೈಯಿಂದ ಕೈಗೆ ದಾಟುತ್ತಾ ಬಂತೋ? ಮೂರರಲ್ಲಿ ಯಾವುದು ನಿಜ ಎಂಬುದರ ಮೇಲೆ ಆ ಕಾಲದ ನಮ್ಮ ಕಡೆಯ ಜನರ ಬಗ್ಗೆ ನಾವು ಬರೆಯುವ ಕಥೆಯೇ ಬದಲಾಗುತ್ತದೆ.

ಗಾಳದ ಆಕಾರ ನೋಡಿ ಇದನ್ನು ಹೇಳಲಾಗದು. ಆಕಾರವನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು ಅಲ್ವಾ? ಅಕ್ಕಸಾಲಿಗರ ಒರೆಗಲ್ಲು ಚಿನ್ನದ ಮಟ್ಟ ಹೇಳುತ್ತದೆಯೇ ಹೊರತು ಊರು ಹೇಳುವುದಿಲ್ಲ. ಊರು ತಿಳಿಯಬೇಕೆಂದರೆ ಲೋಹದ ಒಳಗೇ ಹೋಗಬೇಕು.

ನಮ್ಮ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳನ್ನು ನೋಡಿ. ಒಂದು ಹಿಡಿ ಕಾಯಿ ಎತ್ತಿದರೆ ಸಾಕು, ಸುಕ್ಕು, ಬಣ್ಣ, ಘಾಟು ನೋಡಿ ಇದು ಬ್ಯಾಡಗಿಯದ್ದು, ಇದು ಗುಂಟೂರಿನದ್ದು ಅಂತ ಹೇಳಿಬಿಡುತ್ತಾರೆ. ಪುಡಿ ಮಾಡಿದರೆ ಸುಕ್ಕು ಹೋಗುತ್ತದೆ, ಬಣ್ಣ ಮತ್ತು ಖಾರ ಉಳಿಯುತ್ತವೆ. ಸಾರಿಗೆ ಹಾಕಿ ಕುದಿಸಿದ ಮೇಲೆ ಹೇಳುವುದು ಇನ್ನೂ ಕಷ್ಟ. ಅದಿರು ಕುಲುಮೆಗೆ ಬಿದ್ದಾಗ ಆಗುವುದೂ ಇದೇ. ಹಾಗಾಗಿ ಮೊದಲ ಪ್ರಶ್ನೆ: ಬೆಂಕಿ ದಾಟಿದ ಮೇಲೂ ಉಳಿಯುವ ಗುರುತು ಯಾವುದು?

ಮೊದಲು ವಿಜ್ಞಾನಿಗಳು ಹಿಡಿದದ್ದು ಚೂರುಪಾರು ಧಾತುಗಳನ್ನು. ಶುದ್ಧ ತಾಮ್ರ ಅಂತ ನಾವು ಕರೆಯುವುದರಲ್ಲೂ ಆರ್ಸೆನಿಕ್, ನಿಕ್ಕಲ್, ಬೆಳ್ಳಿ, ಆಂಟಿಮನಿ, ಬಿಸ್ಮತ್ ಒಂದಿಷ್ಟು ಇರುತ್ತವೆ. ಒಂದೊಂದು ಗಣಿಯಲ್ಲಿ ಒಂದೊಂದು ಪ್ರಮಾಣ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯುರೋಪಿನ 20 ಸಾವಿರಕ್ಕೂ ಹೆಚ್ಚು ಹಳೆಯ ಲೋಹದ ವಸ್ತುಗಳನ್ನು ಹೀಗೆ ಪರೀಕ್ಷೆ ಮಾಡಿದರು. ಗುಂಪುಗಳೇನೋ ಸಿಕ್ಕವು. ಆದರೆ ಗುಂಪಿನಿಂದ ಗಣಿಗೆ ಹೋಗುವ ದಾರಿ ಸುಲಭವಾಗಿ ಸಿಗಲಿಲ್ಲ. ಕಾರಣ ಬೆಂಕಿಯೇ. ಆರ್ಸೆನಿಕ್, ಆಂಟಿಮನಿ ಹೊಗೆಯಾಗಿ ಹೋಗುತ್ತವೆ. ಕಬ್ಬಿಣ, ಕೋಬಾಲ್ಟ್ ಬಹುಪಾಲು ಕಿಟ್ಟಕ್ಕೆ, ಅಂದರೆ ಅದಿರು ಕರಗಿಸಿದಾಗ ಉಳಿಯುವ ಕಸಕ್ಕೆ, ಸೇರುತ್ತವೆ. ಬೆಳ್ಳಿ ಮತ್ತು ನಿಕ್ಕಲ್ ಮಾತ್ರ ಸಾಕಷ್ಟು ನಿಷ್ಠೆಯಿಂದ ತಾಮ್ರದ ಜೊತೆ ಉಳಿಯುತ್ತವೆ. ಮತ್ತೊಮ್ಮೆ ಕರಗಿಸಿದರೆ ಮತ್ತಷ್ಟು ಬದಲಾವಣೆ. ಒಂದೇ ಗಣಿಯ ಮೇಲ್ಭಾಗದ ಅದಿರಿಗೂ ಆಳದ ಅದಿರಿಗೂ ವ್ಯತ್ಯಾಸ ಇರುತ್ತದೆ ಅನ್ನೋದು ಬೇರೆ.

ಮಹಾರಾಷ್ಟ್ರದ ದಾಯ್ಮಾಬಾದ್‌ನಲ್ಲಿ 1974ರಲ್ಲಿ ನಾಲ್ಕು ಕಂಚಿನ ಬೊಂಬೆಗಳು ಸಿಕ್ಕವು. ರಥ, ಆನೆ, ಘೇಂಡಾಮೃಗ, ಎಮ್ಮೆ. ನಾಲ್ಕೂ ಸೇರಿ 60 ಕಿಲೋಗಿಂತ ಜಾಸ್ತಿ ತೂಕ. ಪುರಾತತ್ವ ವಿಜ್ಞಾನಿ ಡಿ.ಪಿ. ಅಗರವಾಲ್ ಪರೀಕ್ಷಿಸಿದಾಗ ಅವುಗಳಲ್ಲಿ ಒಂದು ಪ್ರತಿಶತಕ್ಕೂ ಹೆಚ್ಚು ಆರ್ಸೆನಿಕ್ ಕಂಡಿತು. ಆ ಕಾಲದ ದಖ್ಖನಿನ ಬೇರೆ ತಾಮ್ರದಲ್ಲಿ ಅಷ್ಟು ಇರಲಿಲ್ಲ. ಈ ಬೊಂಬೆಗಳು ಉಳಿದವುಗಳಿಗಿಂತ ಬೇರೆ ಎಂಬ ಸುಳಿವು ಇದರಿಂದ ಸಿಕ್ಕಿತು. ಎಲ್ಲಿಯವು ಎಂಬುದು ಆರ್ಸೆನಿಕ್ ಒಂದರಿಂದಲೇ ಬಗೆಹರಿಯುವುದಿಲ್ಲ.

ಬೆಂಕಿಗೆ ಜಗ್ಗದ ಗುರುತು ಸಿಕ್ಕಿದ್ದು ಸೀಸದಲ್ಲಿ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ.

ತಾಮ್ರದ ಅದಿರಿನಲ್ಲಿ ಸುಮಾರಾಗಿ ಎಲ್ಲೆಡೆ ಎಳ್ಳಷ್ಟಾದರೂ ಸೀಸ ಇರುತ್ತದೆ. ಸೀಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. 204, 206, 207, 208 ಅಂತ ನಾಲ್ಕು ಬಗೆ. ಇವುಗಳಿಗೆ ಐಸೋಟೋಪ್ ಅನ್ನುತ್ತಾರೆ. 204 ಭೂಮಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ. ಉಳಿದ ಮೂರು ಹೆಚ್ಚುತ್ತಾ ಬಂದಿವೆ. ಯುರೇನಿಯಂ 238 ತಾನಾಗಿಯೇ ಒಡೆಯುತ್ತಾ ಒಡೆಯುತ್ತಾ ಕೊನೆಗೆ ಸೀಸ 206 ಆಗುತ್ತದೆ. ಯುರೇನಿಯಂ 235 ಸೀಸ 207 ಆಗುತ್ತದೆ. ಥೋರಿಯಂ ಸೀಸ 208 ಆಗುತ್ತದೆ. ಎಲ್ಲವೂ ಬಹಳ ನಿಧಾನ. ಯುರೇನಿಯಂ 238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಥೋರಿಯಂಗೆ 1400 ಕೋಟಿ.

ಈಗ ನೆಲದೊಳಗೆ ಒಂದು ಕಡೆ ಅದಿರು ಹೆಪ್ಪುಗಟ್ಟಿತು ಅನ್ನಿ. ಅಲ್ಲಿ ಸೇರಿದ ಸೀಸ ಯುರೇನಿಯಂನಿಂದ ಬೇರೆಯಾಯಿತು. ಆ ಕ್ಷಣಕ್ಕೆ ಗಡಿಯಾರ ನಿಂತಂತೆ. ಆಗ ನಾಲ್ಕು ಬಗೆಯ ಸೀಸದ ಪಾಲು ಹೇಗಿತ್ತೋ ಹಾಗೇ ಉಳಿಯುತ್ತದೆ. ತುಂಬ ಹಳೆಯ ಅದಿರಿನಲ್ಲಿ 206 ಕಡಿಮೆ, ಯಾಕೆಂದರೆ ಅದಿರು ಹುಟ್ಟಿದಾಗ ಅದಿನ್ನೂ ಅಷ್ಟು ತಯಾರಾಗಿರಲಿಲ್ಲ. ಹೊಸ ಅದಿರಿನಲ್ಲಿ ಜಾಸ್ತಿ. ಭೂಮಿ ಹುಟ್ಟಿದಾಗ 206ಕ್ಕೂ 204ಕ್ಕೂ ಇದ್ದ ಪಾಲು ಸುಮಾರು 9.3. ಈಗಿನ ಕಾಲದ ಸಾಮಾನ್ಯ ಸೀಸದಲ್ಲಿ ಅದು 18ರ ಮೇಲಿದೆ. 260-270 ಕೋಟಿ ವರ್ಷ ಹಿಂದೆ ಹುಟ್ಟಿದ ಸೀಸದ ಅದಿರಾದರೆ ಲೆಕ್ಕದ ಪ್ರಕಾರ 13-14ರ ಆಸುಪಾಸು ಬರಬೇಕು. ಇಷ್ಟು ದೊಡ್ಡ ಅಂತರವನ್ನು ಈಗಿನ ಯಂತ್ರಗಳು ಕಣ್ಣು ಮುಚ್ಚಿ ಹಿಡಿಯುತ್ತವೆ. ಇದಕ್ಕಿಂತ ನೂರು ಪಟ್ಟು ಸಣ್ಣ ಅಂತರವನ್ನೂ ಹಿಡಿಯುತ್ತವೆ.

ಕುಲುಮೆ ಈ ಪಾಲನ್ನು ಕೆಡಿಸುವುದಿಲ್ಲ. 206ಕ್ಕೂ 208ಕ್ಕೂ ತೂಕದಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲದ ಕಾರಣ ಬೆಂಕಿ ಒಂದನ್ನು ಬಿಟ್ಟು ಒಂದನ್ನು ಓಡಿಸುವುದಿಲ್ಲ. ಅರ್ಧ ಸೀಸ ಹೊಗೆಯಾಗಿ ಹೋದರೂ ಉಳಿದ ಅರ್ಧದಲ್ಲಿ ಅದೇ ಪಾಲು. ಮೂರು ಸಾವಿರ ವರ್ಷ ಮಣ್ಣಲ್ಲಿ ಕೂತು ಕಿಲುಬು ಹಿಡಿದರೂ ಒಳಗಿನ ಲೋಹದಲ್ಲಿ ಅದೇ ಪಾಲು.

ಇದರಿಂದ ಏನು ತಿಳಿಯಬಹುದು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ 5300 ವರ್ಷ ಹಳೆಯ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಈಗ ಅವನಿಗೆ ಓಟ್ಜಿ ಅನ್ನುತ್ತಾರೆ. ಅವನ ಬಳಿ ತಾಮ್ರದ ಕೊಡಲಿ ಇತ್ತು, ಮರದ ಹಿಡಿಯ ಸಮೇತ. ಆಲ್ಪ್ಸ್‌ನಲ್ಲೇ ತಾಮ್ರದ ಅದಿರು ಇದೆ, ಹಾಗಾಗಿ ಇದು ಅಲ್ಲಿಯದೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. 2017ರಲ್ಲಿ ಸೀಸದ ಐಸೋಟೋಪ್ ಫಲಿತಾಂಶ ಬಂತು. ಆ ತಾಮ್ರ ನೂರಾರು ಕಿಲೋಮೀಟರ್ ದೂರದ ಮಧ್ಯ ಇಟಲಿಯ ಟಸ್ಕನಿಯದು. ಬಾಗಿಲಲ್ಲೇ ಅದಿರು ಇದ್ದರೂ ಕೊಡಲಿ ಬಂದದ್ದು ದೂರದಿಂದ.

ಹಳ್ಳೂರಿಗೆ ಇದನ್ನು ಹೊಂದಿಸಿ ನೋಡಿದರೆ ನನಗೆ ಮೈ ಜುಮ್ ಅನ್ನುತ್ತದೆ. ನಮ್ಮ ಬಾಗಿಲಲ್ಲೂ ಅದಿರು ಇದೆ.

ಗದಗದ ಕಪ್ಪತಗುಡ್ಡದಿಂದ ದಕ್ಷಿಣಕ್ಕೆ ಚಿತ್ರದುರ್ಗ ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೋಗುವ ಹಳೆಯ ಕಲ್ಲಿನ ಒಂದು ಉದ್ದನೆಯ ಪಟ್ಟಿ ಇದೆ. 400 ಕಿಲೋಮೀಟರಿಗೂ ಉದ್ದ. ಭೂವಿಜ್ಞಾನಿಗಳು ಇದನ್ನು ಧಾರವಾಡ ಶಿಲೆಗಳ ಗುಂಪಿಗೆ ಸೇರಿಸುತ್ತಾರೆ. ಈ ಹೆಸರು ಕೊಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ. ಅದಕ್ಕೂ ಮೊದಲು, 1874ರಲ್ಲಿ, ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ ಅವರೇ ಬರೆದಿದ್ದರು. ಹಳ್ಳದ ಉಸುಕು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರ ಕೆಲಸವನ್ನೂ ಅವರು ದಾಖಲಿಸಿದ್ದಾರೆ. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನ ವಿದ್ಯಾರ್ಥಿಯೂ ಧಾರವಾಡ ಎಂಬ ಹೆಸರು ಕೇಳುವುದು ಪೇಡೆಯಿಂದಲ್ಲ, ಈ ಕಲ್ಲಿನಿಂದ.

ಇದೇ ಪಟ್ಟಿಯಲ್ಲಿ, ಚಿತ್ರದುರ್ಗದ ಹತ್ತಿರ, ಇಂಗಳದಾಳ್ ಇದೆ. ಅಲ್ಲಿ ತಾಮ್ರದ ಗಣಿ ನಡೆದಿತ್ತು. ಹೊಸ ಗಣಿಗೆ ಮೊದಲೇ ಹಿಂದಿನವರು ತೋಡಿದ ಗುರುತುಗಳೂ ಅಲ್ಲಿ ಇದ್ದವು. ಹಾಸನ ಜಿಲ್ಲೆಯ ಕಲ್ಯಾಡಿಯಲ್ಲೂ ತಾಮ್ರ ಇದೆ. ಹಳ್ಳೂರಿನಿಂದ ಇಂಗಳದಾಳ್ ನೇರ ಅಳತೆಯಲ್ಲಿ ಸುಮಾರು ನೂರು ಕಿಲೋಮೀಟರ್. ದನ ಹೊಡೆದುಕೊಂಡು ಹೋದರೂ ನಾಲ್ಕೈದು ದಿನದ ದಾರಿ. ರಾಜಸ್ಥಾನದ ತಾಮ್ರದ ಗಣಿಗಳ ಊರು ಖೇತ್ರಿ ಸುಮಾರು 1500 ಕಿಲೋಮೀಟರ್. ಖೇತ್ರಿಯ ಪಕ್ಕದ ಗಣೇಶ್ವರದಲ್ಲಿ ಸಾವಿರದಷ್ಟು ತಾಮ್ರದ ವಸ್ತುಗಳು ಸಿಕ್ಕಿವೆ. ಬಾಣದ ಮೊನೆಗಳು, ಕೊಡಲಿಗಳು, ಅವುಗಳ ಜೊತೆ ಮೀನಿನ ಗಾಳಗಳು ಕೂಡ.

ಇಲ್ಲಿ ನಮ್ಮ ನೆಲದ ವಯಸ್ಸು ನಮಗೆ ಸಹಾಯಕ್ಕೆ ಬರುತ್ತದೆ. ಚಿತ್ರದುರ್ಗದ ಅದಿರು ಅಷ್ಟು ಹಳೆಯದಾದ್ದರಿಂದ ಅದರ ಸೀಸ ಬೇರೆ ಕಡೆಯದರಿಂದ ದೂರ ನಿಲ್ಲಬೇಕು. ಖೇತ್ರಿಯ ಕಲ್ಲು ಅದಕ್ಕಿಂತ ಎಷ್ಟೋ ಕಿರಿಯದು. ಓಮಾನಿನ ತಾಮ್ರ ಇನ್ನೂ ಕಿರಿಯದು, ಸುಮಾರು 9-10 ಕೋಟಿ ವರ್ಷದ ಸಮುದ್ರತಳದ ಕಲ್ಲಿನಲ್ಲಿ ಹುಟ್ಟಿದ್ದು. ಹರಪ್ಪ ಕಾಲದಲ್ಲಿ ಮೆಸೊಪೊಟೇಮಿಯಕ್ಕೆ ಮಗಾನ್ ಎಂಬ ನಾಡಿನಿಂದ ತಾಮ್ರ ಹೋಗುತ್ತಿತ್ತು ಅಂತ ಅಲ್ಲಿಯ ಬರಹಗಳಲ್ಲಿದೆ. ಆ ಮಗಾನ್ ಈಗಿನ ಓಮಾನ್. ಯುರೋಪಿನಲ್ಲಿ ಅಕ್ಕಪಕ್ಕದ ಎರಡು ಗಣಿಗಳ ಸೀಸ ಒಂದರ ಮೇಲೊಂದು ಬಿದ್ದು ವಿಜ್ಞಾನಿಗಳು ಒದ್ದಾಡುತ್ತಾರೆ. ನಮ್ಮಲ್ಲಿ ಇಂಗಳದಾಳ್, ಖೇತ್ರಿ, ಓಮಾನ್ ಮೂರೂ ಬೇರೆ ಬೇರೆ ಕಾಲದ ಕಲ್ಲುಗಳು. ಹಳ್ಳೂರಿನ ಗಾಳದಂಥ ವಸ್ತುವಿಗೆ ಈ ಪರೀಕ್ಷೆ ಹೇಳಿ ಮಾಡಿಸಿದಂತಿದೆ.

ಒಂದು ಎಚ್ಚರ ಬೇಕು. ತಾಮ್ರದ ಅದಿರಿನಲ್ಲಿ ಸೀಸ ತೀರಾ ಕಡಿಮೆ ಇದ್ದು ಪಕ್ಕದಲ್ಲಿ ಯುರೇನಿಯಂ ಉಳಿದಿದ್ದರೆ ಗಡಿಯಾರ ನಿಂತಿರುವುದಿಲ್ಲ. ಹೊಸ ಸೀಸ ಹುಟ್ಟುತ್ತಲೇ ಇರುತ್ತದೆ, ಪಾಲು ಚದುರಿ ಹೋಗುತ್ತದೆ. ಜಾರ್ಖಂಡದ ಸಿಂಗ್‌ಭೂಮ್‌ನಲ್ಲಿ ತಾಮ್ರವೂ ಯುರೇನಿಯಂ ಕೂಡ ಒಂದೇ ಪಟ್ಟಿಯಲ್ಲಿವೆ. ಅಂಥ ಕಡೆಯ ಲೋಹವನ್ನು ವಯಸ್ಸಿನ ಲೆಕ್ಕದಿಂದ ಗುರುತಿಸಲು ಹೋದರೆ ದಾರಿ ತಪ್ಪುತ್ತೇವೆ. ಗಣಿಯಿಂದಲೇ ಅದಿರು ತಂದು ಅಳೆಯಬೇಕು, ಒಂದಲ್ಲ ಹತ್ತಾರು ಕಲ್ಲು.

ರಾಯಚೂರು ಜಿಲ್ಲೆಯ ಕಲ್ಲೂರಿನ ಕತ್ತಿಗಳು ಇದೇ ಬಗೆಯ ಇನ್ನೊಂದು ಒಗಟು. ತಾಮ್ರದ ಕತ್ತಿಗಳು, ಹಿಡಿಯ ತುದಿ ಚಿಟ್ಟೆಯ ಮೀಸೆಯಂತೆ ಎರಡಾಗಿ ಸೀಳಿದೆ. ಇಂಥ ಕತ್ತಿ ಹೆಚ್ಚಾಗಿ ಸಿಗುವುದು ಗಂಗಾ-ಯಮುನಾ ನದಿಗಳ ನಡುವಿನ ಬಯಲಲ್ಲಿ. ಸಾವಿರ ಕಿಲೋಮೀಟರಿಗೂ ದೂರದ ಕಲ್ಲೂರಿಗೆ ಇವು ಹೇಗೆ ಬಂದವು? ಕತ್ತಿಯೇ ಬಂತೋ, ಕತ್ತಿ ಮಾಡುವ ಕಮ್ಮಾರ ಬಂದು ಇಲ್ಲಿಯ ತಾಮ್ರದಲ್ಲಿ ಮಾಡಿದನೋ? ಎರಡೂ ಬೇರೆ ಬೇರೆ ಇತಿಹಾಸ. ಆಕಾರ ನೋಡಿ ಎಷ್ಟು ವರ್ಷ ಚರ್ಚೆ ಮಾಡಿದರೂ ಇದು ಮುಗಿಯುವುದಿಲ್ಲ. ಲೋಹವೇ ಹೇಳಬೇಕು.

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಕಂಚಗಾರ ಗಲ್ಲಿಯ ತಕ್ಕಡಿ ಒಂದೇ ಏಟಿಗೆ ಕೆಡಿಸಬಲ್ಲದು. ನಾನು ಹೋದ ದಿನ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಳೆಯ ಮಾಲು ರಾಶಿ ಬಿದ್ದಿತ್ತು. ಕಿವಿ ಮುರಿದ ಕೊಡ, ಒಡೆದ ತಂಬಿಗೆ, ಬಂಬಿನ ತುಂಡು, ಮೋಟಾರು ವೈಂಡಿಂಗಿನ ತಂತಿ. ಎಲ್ಲಾ ಒಂದೇ ಮೂಸೆಗೆ ಹೋಗುತ್ತವೆ. ಎರಡು ಗಣಿಯ ತಾಮ್ರ ಕೂಡಿದರೆ ಸೀಸದ ಪಾಲು ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಅದು ಮೂರನೆಯ ಗಣಿಯೊಂದರ ಪಾಲಿಗೆ ಸುಮ್ನೆ ಹೊಂದಿಬಿಟ್ಟರೆ ನಾವು ಮೋಸ ಹೋಗುತ್ತೇವೆ. 1990ರ ದಶಕದಲ್ಲಿ ಮೆಡಿಟರೇನಿಯನ್ ತಾಮ್ರದ ಗಟ್ಟಿಗಳ ಬಗ್ಗೆ ಪಂಡಿತರ ನಡುವೆ ದೊಡ್ಡ ಜಗಳವೇ ನಡೆದದ್ದು ಈ ಕಾರಣಕ್ಕೆ.

ಹಳೆಯ ಪಾತ್ರೆ ಕರಗಿಸುವುದು ಇಂದಿನ ಚಾಳಿಯಲ್ಲ. 1130-40ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರು ಕಡೆ ನೆಲೆಸಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದು ನಮ್ಮವರೆಗೆ ಬಂದಿವೆ. ಏಡನ್ನಿನ ವ್ಯಾಪಾರಿಗಳು ಅವನಿಗೆ ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಹಡಗಿನಲ್ಲಿ ಕಳಿಸಿ, ಇಂಥ ಅಳತೆಯ ಪಾತ್ರೆ ಮಾಡಿಸಿ ಕಳಿಸು ಅಂತ ಬರೆಯುತ್ತಿದ್ದರು. ಅಂದರೆ ಲಕ್ಕುಂಡಿಯಲ್ಲಿ ದೇವಾಲಯಗಳು ಏಳುತ್ತಿದ್ದ ಕಾಲಕ್ಕೆ, ಅದರ ಟಂಕಸಾಲೆಯ ಚಿನ್ನದ ನಾಣ್ಯಗಳಾದ ಗದ್ಯಾಣಗಳು ಹೆಸರಾಗಿದ್ದ ಕಾಲಕ್ಕೆ, ಕರಾವಳಿಗೆ ಅರಬ್ಬಿ ಕಡೆಯ ಗುಜರಿ ಬರುತ್ತಿತ್ತು. ಘಟ್ಟ ಹತ್ತಿ ಅದು ನಮ್ಮ ಕಡೆಗೂ ಬಂದಿರಬಾರದು ಅಂತೇನಿಲ್ಲ. ಮುಂದೆ 17-18ನೇ ಶತಮಾನದಲ್ಲಿ ಡಚ್ಚರು ಜಪಾನಿನ ತಾಮ್ರವನ್ನು ಭಾರತಕ್ಕೆ ತಂದು ಮಾರಿದರು. ಆಮೇಲೆ ಇಂಗ್ಲಿಷರು ಕಾರ್ನ್‌ವಾಲ್‌ನ ತಾಮ್ರ ತಂದರು. ಹುಬ್ಬಳ್ಳಿಯಲ್ಲಿ ಇಂಗ್ಲಿಷರ ಕೋಠಿ ಇತ್ತು, 1673ರಲ್ಲಿ ಮರಾಠರು ಅದನ್ನು ಲೂಟಿ ಮಾಡಿದರು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಅಜ್ಜಿಯ ಹಂಡೆಯೊಳಗೆ ಯಾವ ಯಾವ ದೇಶ ಕೂತಿದೆಯೋ!

ಇನ್ನೊಂದು ತೊಡಕು ಎರಕದ್ದು. ಎರಕ ಹೊಯ್ಯುವಾಗ ಲೋಹ ಸರಾಗವಾಗಿ ಹರಿಯಲಿ ಅಂತ ಸೀಸವನ್ನು ಬೇಕಂತಲೇ ಸೇರಿಸುತ್ತಾರೆ. ದಕ್ಷಿಣದ ಪಂಚಲೋಹದ ಮೂರ್ತಿಗಳಲ್ಲಿ ಹೀಗೆ ಸೀಸ ಇರುತ್ತದೆ. ಆಗ ಐಸೋಟೋಪ್ ಹೇಳುವುದು ಸೇರಿಸಿದ ಸೀಸದ ಊರನ್ನು, ತಾಮ್ರದ ಊರನ್ನಲ್ಲ. ಆದರೂ ಅದು ವ್ಯರ್ಥವಲ್ಲ. ಬೆಂಗಳೂರಿನ ಶಾರದಾ ಶ್ರೀನಿವಾಸನ್ 1990ರ ದಶಕದಲ್ಲಿ ನೂರಕ್ಕೂ ಹೆಚ್ಚು ದಕ್ಷಿಣ ಭಾರತದ ಲೋಹದ ಮೂರ್ತಿಗಳ ಚೂರುಪಾರು ಧಾತುಗಳನ್ನೂ, ಅವುಗಳಲ್ಲಿ ಹಲವುಗಳ ಸೀಸದ ಐಸೋಟೋಪನ್ನೂ ಅಳೆದರು. ಬೇರೆ ಬೇರೆ ರಾಜವಂಶದ ಕಾಲದ ಮೂರ್ತಿಗಳು ಬೇರೆ ಬೇರೆ ಗುಂಪಾಗಿ ನಿಂತವು. ಯಾವ ಕಾಲದ್ದು ಎಂದು ಜಗಳವಿದ್ದ ಮೂರ್ತಿಯನ್ನು ಶೈಲಿಯ ಜೊತೆ ಲೋಹದಿಂದಲೂ ಕಾಲಕ್ಕೆ ಹೊಂದಿಸಲು ಇದರಿಂದ ದಾರಿಯಾಯಿತು. ಕದ್ದ ಮೂರ್ತಿ, ನಕಲಿ ಮೂರ್ತಿಗಳ ಈ ಕಾಲದಲ್ಲಿ ಇದು ಸಣ್ಣ ಸಹಾಯವಲ್ಲ.

ಒಟ್ಟಿನಲ್ಲಿ ಈ ಪರೀಕ್ಷೆ "ಇದು ಆ ಗಣಿಯದ್ದಲ್ಲ" ಅಂತ ಧೈರ್ಯವಾಗಿ ಹೇಳುತ್ತದೆ. "ಇದು ಈ ಗಣಿಯದ್ದೇ" ಅಂತ ಹೇಳಬೇಕಾದರೆ ಆ ಭಾಗದ ಎಲ್ಲಾ ಗಣಿಗಳ ಲೆಕ್ಕ ಕೈಯಲ್ಲಿರಬೇಕು. ಮೆಡಿಟರೇನಿಯನ್ ಮತ್ತು ಯುರೋಪಿನ ಅದಿರುಗಳ ಅಳತೆಯನ್ನು ಆಕ್ಸ್‌ಫರ್ಡ್‌ನವರು ದಶಕಗಟ್ಟಲೆ ಕೂಡಿಟ್ಟು, ಯಾರು ಬೇಕಾದರೂ ನೋಡುವಂತೆ ಬಿಟ್ಟಿದ್ದಾರೆ. ಓಟ್ಜಿಯ ಕೊಡಲಿಗೆ ಟಸ್ಕನಿ ಎಂಬ ಉತ್ತರ ಸಿಕ್ಕಿದ್ದು ಅಂಥ ಲೆಕ್ಕ ಇದ್ದದ್ದಕ್ಕೆ. ಅದರ ಮುಂದೆ ನಮ್ಮ ಕಡೆಯ ಲೆಕ್ಕದ ಪುಸ್ತಕ ಬಹಳ ತೆಳು.

ಆ ಪುಸ್ತಕ ಬರೆಯಲು ಧಾರವಾಡಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗವೂ ಇದೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇದೆ. ಐಐಟಿ ಬಂದಿದೆ. ಸೀಸದ ಐಸೋಟೋಪ್ ಅಳೆಯುವ ದೊಡ್ಡ ಯಂತ್ರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿದೆ (ಎನ್‌ಜಿಆರ್‌ಐ), ಒಂದು ರಾತ್ರಿಯ ಪ್ರಯಾಣ. ಕಲ್ಲು ಬಲ್ಲವರು, ಅಕ್ಷರ ಬಲ್ಲವರು, ಯಂತ್ರ ಬಲ್ಲವರು ಒಂದೇ ಮೇಜಿಗೆ ಬಂದರೆ ಕೆಲಸ ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಆಸೆ ಇರುವುದು ತಾಮ್ರಶಾಸನಗಳ ಮೇಲೆ. ಈಗ ಹಾವೇರಿಯ ಜಿಲ್ಲಾಡಳಿತ ಭವನ ಇರುವ ದೇವಗಿರಿಯಲ್ಲೇ ಕದಂಬ ಮೃಗೇಶವರ್ಮನ ತಾಮ್ರಶಾಸನಗಳು ಸಿಕ್ಕಿದ್ದವು. ಐದನೇ ಶತಮಾನದವು. ತಾಮ್ರಶಾಸನವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಮೂರ್ನಾಲ್ಕು ಹಲಗೆ, ಅಕ್ಷರ ಸವೆಯದಿರಲಿ ಅಂತ ಅನೇಕವುಗಳ ಅಂಚು ಸ್ವಲ್ಪ ಎತ್ತರಿಸಿರುತ್ತಾರೆ, ಎಡಕ್ಕೊಂದು ತೂತು, ತೂತಿನಲ್ಲಿ ಬಳೆ, ಬಳೆಗೆ ರಾಜಮುದ್ರೆ. ನೂರೈವತ್ತು ವರ್ಷದಿಂದ ನಮ್ಮ ಪಂಡಿತರು ಆ ಅಕ್ಷರಗಳನ್ನು ಓದಿ ನಾಡಿನ ಇತಿಹಾಸ ಕಟ್ಟಿದ್ದಾರೆ. ಹಲಗೆ ಮಾತ್ರ ಬರೀ ಕಾಗದದ ಹಾಗೆ ಉಳಿದುಬಿಟ್ಟಿದೆ.

ಮಣ್ಣಲ್ಲಿ ಸಿಕ್ಕ ಕೊಡಲಿಗೆ ಕಾಲ ಹೇಳುವುದೇ ಒಂದು ಸಾಹಸ. ತಾಮ್ರಶಾಸನ ತನ್ನ ಕಾಲವನ್ನು, ರಾಜನನ್ನು, ಎಷ್ಟೋ ಸಲ ಬೀಡನ್ನೂ ತಾನೇ ಹೇಳುತ್ತದೆ. ಕದಂಬರು, ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು. ಇವರೆಲ್ಲರ ಹಲಗೆಗಳ ಲೋಹವನ್ನು ಸಾಲಾಗಿ ಅಳೆದರೆ ಯಾವ ಶತಮಾನದಲ್ಲಿ ನಮ್ಮ ನಾಡಿಗೆ ಎಲ್ಲಿಯ ತಾಮ್ರ ಬರುತ್ತಿತ್ತು ಎಂಬ ಪಟ್ಟಿ ಸಿಗುತ್ತದೆ. ಚಿತ್ರದುರ್ಗದ ತಾಮ್ರ ಯಾವಾಗ ನಿಂತಿತು, ಸಮುದ್ರದ ತಾಮ್ರ ಯಾವಾಗ ಶುರುವಾಯಿತು? ಆಮೇಲೆ ಕಾಲ ಗೊತ್ತಿಲ್ಲದ ಗಂಟೆ, ದೀಪ, ಮೂರ್ತಿಗಳನ್ನು ಇದರ ಪಕ್ಕ ಇಟ್ಟು ನೋಡಬಹುದು. ಮುಂದಿನವರು ಯಾರದೋ ಹೆಸರಲ್ಲಿ ಬರೆಸಿಕೊಂಡ ಕೂಟಶಾಸನಗಳ ಗುಟ್ಟೂ ಕೆಲವು ಸಲ ಬಯಲಾಗಬಹುದು. ಆರನೇ ಶತಮಾನದ್ದು ಅಂತ ಹೇಳಿಕೊಳ್ಳುವ ಹಲಗೆಯಲ್ಲಿ ಹತ್ತನೇ ಶತಮಾನದ ಗುಂಪಿನ ಲೋಹ ಇದ್ದರೆ ಅಲ್ಲಿ ಏನೋ ಇದೆ ಅಂತ ತಾನೇ?

ಹಲಗೆಗೆ ಗಾಯ ಮಾಡುವುದು ಸರಿಯಾ ಅಂತ ಕೇಳುವವರಿದ್ದಾರೆ. ಆ ಕಾಳಜಿ ನನಗೂ ಇದೆ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಗಾಯ ಮಾಡುವುದಿಲ್ಲ, ಆದರೆ ಅದು ನೋಡುವುದು ಮೇಲಿನ ಪದರವನ್ನಷ್ಟೇ. ಮೇಲಿನ ಕಿಲುಬಿನಲ್ಲಿ ಧಾತುಗಳ ಪ್ರಮಾಣ ಒಳಗಿನ ಹಾಗೆ ಇರುವುದಿಲ್ಲ, ಐಸೋಟೋಪಂತೂ ಅದರಿಂದ ತಿಳಿಯದು. ನಿಜವಾದ ಮಾದರಿ ತೆಗೆಯುವುದು ಒಂದು ಮಿಲಿಮೀಟರ್ ದಪ್ಪದ ಡ್ರಿಲ್ಲಿನಿಂದ. ಮೊದಲು ಬರುವ ಹಸಿರು ಪುಡಿಯನ್ನು ಬಿಸಾಡುತ್ತಾರೆ. ಆಮೇಲೆ ಗುಲಾಬಿ ಬಣ್ಣದ ಹೊಳೆಯುವ ಸುರುಳಿಗಳು ಬರುತ್ತವೆ. ಕೆಲವೇ ಮಿಲಿಗ್ರಾಂ ಸಾಕು. ಅದನ್ನು ಆಮ್ಲದಲ್ಲಿ ಕರಗಿಸಿ, ಸೀಸವನ್ನು ಮಾತ್ರ ಬೇರ್ಪಡಿಸಿ, ಪರಮಾಣುಗಳನ್ನು ತೂಕದ ಪ್ರಕಾರ ವಿಂಗಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಕೊಡುತ್ತಾರೆ. ಬಳೆ ತೂರುವ ತೂತಿನ ಒಳಗೋಡೆಯಲ್ಲಿ ತೆಗೆದರೆ ಹೊರಗಿನಿಂದ ಕಾಣುವುದೂ ಇಲ್ಲ, ಒಂದು ಅಕ್ಷರವೂ ಮುಟ್ಟುವುದಿಲ್ಲ. ಯಾವ ಹಲಗೆಯಿಂದ, ಎಲ್ಲಿಂದ, ಎಷ್ಟು ತೆಗೆದರು ಎಂಬ ದಾಖಲೆ ಇಡಬೇಕು. ಉಳಿದ ಚೂರನ್ನು ಕಾದಿಡಬೇಕು. ಇಷ್ಟು ಶಿಸ್ತು ಇಲ್ಲದೆ ಯಾರಿಗೂ ಡ್ರಿಲ್ ಕೊಡಬಾರದು.

ಇದಕ್ಕಿಂತ ದೊಡ್ಡ ಗಾಯ ದಿನವೂ ಆಗುತ್ತಿದೆ. ಹಿತ್ತಲಲ್ಲಿ ಪಾಯ ತೋಡುವಾಗ ಸಿಕ್ಕ ಹಳೆಯ ತಂಬಿಗೆಯನ್ನು ಮೊದಲು ಮಾಡುವ ಕೆಲಸ ಹುಣಸೆಹಣ್ಣು ಹಾಕಿ ತಿಕ್ಕುವುದು, ಇಲ್ಲವೇ ಆಸಿಡ್‌ನಲ್ಲಿ ಅದ್ದುವುದು. ಕಿಲುಬಿನ ಜೊತೆ ಅಂಟಿದ ಮಣ್ಣು, ಬಟ್ಟೆಯ ಗುರುತು, ಧಾನ್ಯದ ಅಚ್ಚು ಎಲ್ಲಾ ಹೋಗುತ್ತದೆ. ಹೊಲದ ಬದುವಿನಲ್ಲಿ ಬಿದ್ದ ಕಪ್ಪು ಕಿಟ್ಟವನ್ನು ರಸ್ತೆಯ ಗುಂಡಿಗೆ ತುಂಬಿದರೆ ಹೇಳುವವರಿಲ್ಲ. ಪುರಾತತ್ವದವರಿಗೆ ಆ ಕಿಟ್ಟ ಚಿನ್ನಕ್ಕಿಂತ ಜಾಸ್ತಿ, ಯಾಕೆಂದರೆ ಪಾತ್ರೆ ಊರೂರು ತಿರುಗುತ್ತದೆ, ಕಿಟ್ಟ ಕುಲುಮೆ ಇದ್ದಲ್ಲೇ ಬಿದ್ದಿರುತ್ತದೆ. ಅದರಲ್ಲಿ ಸಿಕ್ಕಿಕೊಂಡ ಇದ್ದಿಲ ಚೂರಿನಿಂದ ಕಾಲ ತಿಳಿಯುತ್ತದೆ, ತಾಮ್ರದ ಹನಿಯಿಂದ ಐಸೋಟೋಪ್ ತಿಳಿಯುತ್ತದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಗಿಡಮೂಲಿಕೆ ಮತ್ತು ತೋಳಗಳ ಜೊತೆ ಅಲ್ಲಿಯ ಹಳೆಯ ತೋಡುಗಳನ್ನೂ ಪಟ್ಟಿ ಮಾಡಿ ಕಾಪಾಡಬೇಕು ಅಂತ ನಾನು ಕೇಳುತ್ತೇನೆ.

ನಿಮ್ಮ ಹೊಲದಲ್ಲೋ ಪಾಯದಲ್ಲೋ ಹಳೆಯ ತಾಮ್ರ ಸಿಕ್ಕರೆ ತೊಳೆಯಬೇಡಿ. ಸಿಕ್ಕ ಜಾಗದ ಫೋಟೋ ತೆಗೆಯಿರಿ, ಎಷ್ಟು ಆಳದಲ್ಲಿತ್ತು ಬರೆದಿಡಿ, ಸುತ್ತಲಿನ ಮಣ್ಣು ಒಂದು ಹಿಡಿ ಜೊತೆಗಿರಲಿ. ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಕೆಲಸವೂ ಹೌದು. ಅಕ್ಕಪಕ್ಕದಲ್ಲಿ ಭಾರವಾದ, ಗಾಜಿನಂತೆ ಮಿನುಗುವ ಕಪ್ಪು ಕಲ್ಲಿನ ಉಂಡೆಗಳು ಬಿದ್ದಿದ್ದರೆ ಅದನ್ನೂ ಹೇಳಿ.

ಹಂಡೆ ನಾನು ಕೊಡಲಿಲ್ಲ. ತಕ್ಕಡಿಯಲ್ಲಿ ಹನ್ನೊಂದು ಕಿಲೋ ಚಿಲ್ಲರೆ ತೂಗಿತ್ತು. ಕಾಕಾ ಒಂದು ಮಾತೂ ಆಡದೆ ಇಳಿಸಿ ಕೊಟ್ಟರು. ಹೊರಡುವಾಗ ಮೂಲೆಯ ರಾಶಿಯಿಂದ ಒಂದು ತೆಳ್ಳನೆಯ ತಾಟು ಎತ್ತಿ ತೋರಿಸಿದರು. "ಇದು ಇನ್ನೂ ಹಳೀದ ಅನಸ್ತದ ನೋಡ್ರಿ. ನಾಳೆ ಭಟ್ಟಿಗೆ ಹೋಗತೈತಿ."